40 ಸಾಲಲಿಲ್ಲ, 49 ಕೂಡ ಸಾಲಲಿಲ್ಲ: ಟಿಮ್‌ಸಾರ್ಟ್ ಬಗ್‌ನ ಪೂರ್ತಿ ಕಥೆ

ಪ್ರೋಗ್ರಾಂ ಕೈಕೊಟ್ಟರೆ ನಾವೆಲ್ಲ ಮೊದಲು ನಮ್ಮ ಕೋಡನ್ನೇ ನೋಡುತ್ತೇವೆ. ಭಾಷೆಯ ಜೊತೆಗೇ ಬರುವ, ಡೇಟಾವನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಫಂಕ್ಷನ್ನಿನಲ್ಲಿ ತಪ್ಪಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಹೆಚ್ಚಿನ ಸಲ ಅದು ಸರಿಯೇ, ತಪ್ಪು ನಮ್ಮದೇ ಆಗಿರುತ್ತದೆ. ಆದರೆ ಜಾವಾ ಬಳಸುವ ಟಿಮ್‌ಸಾರ್ಟ್ ಅನ್ನುವ ಸಾರ್ಟ್‌ನಲ್ಲಿ ನಿಜವಾಗಿಯೂ ತಪ್ಪಿತ್ತು. 2011ರಲ್ಲಿ ಜಾವಾ 7 ಬಂದಾಗಿನಿಂದ 2018ರ ತನಕ ಇತ್ತು. ಮಧ್ಯದಲ್ಲಿ ಎರಡು ಸಲ ಸರಿ ಮಾಡಿದರು, ಎರಡು ಸಲವೂ ಪೂರ್ತಿ ಸರಿಹೋಗಲಿಲ್ಲ. ಮೂರನೇ ಸಲ ಹೋಯಿತು. ಅದೇ ತಪ್ಪು ಪೈಥಾನ್‌ನಲ್ಲೂ ಇತ್ತು, ಅಲ್ಲಿ ಒಂದೇ ಏಟಿಗೆ ಮುಗಿಯಿತು.

ಕಾರಣ ಒಂದೇ, ಅದನ್ನು ಪತ್ತೆ ಹಚ್ಚಿದವರೂ ಒಂದೇ ತಂಡ. ಆದರೂ ಎರಡು ಕಡೆ ಎರಡು ದಾರಿ ಹಿಡಿದರು. ಓಪನ್ ಸೋರ್ಸ್ ಭಾಷೆಗಳಲ್ಲಿ ಬಗ್ ಹೇಗೆ ವರದಿಯಾಗುತ್ತದೆ, ಹೇಗೆ ಸರಿಯಾಗುತ್ತದೆ ಅಂತ ತಿಳಿಯಲು ಇಷ್ಟು ಚೆನ್ನಾಗಿ ದಾಖಲಾದ ಪ್ರಕರಣ ಸಿಗುವುದು ಕಷ್ಟ. ಕೋಡ್, ವರದಿ, ತೇಪೆ, ತೇಪೆಯ ಮೇಲಿನ ತೇಪೆ, ಎಲ್ಲವೂ ಬಹಿರಂಗವಾಗಿ ಬಿದ್ದಿವೆ.

ಮೊದಲು ಟಿಮ್‌ಸಾರ್ಟ್ ಬಗ್ಗೆ. 2002ರಲ್ಲಿ ಟಿಮ್ ಪೀಟರ್ಸ್ ಪೈಥಾನ್‌ಗೆ ಅಂತ ಸಿ ಭಾಷೆಯಲ್ಲಿ ಬರೆದದ್ದು ಇದು. ಯೋಚನೆ ಬಹಳ ಚಂದ. ನಿಜ ಜೀವನದ ಡೇಟಾದಲ್ಲಿ ಅಲ್ಲಲ್ಲಿ ಆಗಲೇ ಕ್ರಮವಾಗಿ ಜೋಡಿಸಿದ ತುಂಡುಗಳು ಇದ್ದೇ ಇರುತ್ತವೆ, ಅವನ್ನು ಸುಮ್ನೆ ಚದುರಿಸಿ ಮತ್ತೆ ಜೋಡಿಸುವುದು ಯಾಕೆ? ಎಡದಿಂದ ಬಲಕ್ಕೆ ಓದುತ್ತಾ ಹೋಗು, ಏರುತ್ತಿರುವ ತುಂಡು ಸಿಕ್ಕರೆ ಅದನ್ನು ಹಾಗೇ ಎತ್ತಿಕೋ, ಇಳಿಯುತ್ತಿರುವ ತುಂಡಾದರೆ ತಿರುಗಿಸಿ ಎತ್ತಿಕೋ. ಇಂಥ ತುಂಡಿಗೆ ರನ್ ಅಂತ ಹೆಸರು. ರನ್ ತೀರಾ ಚಿಕ್ಕದಿದ್ದರೆ ಪಕ್ಕದವನ್ನು ಸೇರಿಸಿ ಒಂದು ಕನಿಷ್ಠ ಉದ್ದಕ್ಕೆ ತರುತ್ತಾರೆ. ಪ್ರತಿ ರನ್ನಿನ ಉದ್ದವನ್ನು ಒಂದು ಸ್ಟ್ಯಾಕ್‌ನಲ್ಲಿ ಪೇರಿಸಿಡುತ್ತಾರೆ, ಆಗಾಗ ಅಕ್ಕಪಕ್ಕದ ಎರಡನ್ನು ಕೂಡಿಸಿ ಒಂದು ಮಾಡುತ್ತಾರೆ.

ಯಾವಾಗ ಕೂಡಿಸಬೇಕು ಅನ್ನುವುದಕ್ಕೆ ಎರಡು ನಿಯಮ ಇವೆ. ಸ್ಟ್ಯಾಕ್‌ನಲ್ಲಿ ಯಾವುದೇ ರನ್ ತೆಗೆದುಕೊಂಡರೂ ಅದು ತನ್ನ ಮೇಲಿನದಕ್ಕಿಂತ ದೊಡ್ಡದಿರಬೇಕು. ಜೊತೆಗೆ ಅದು ತನ್ನ ಮೇಲಿನ ಎರಡು ರನ್‌ಗಳ ಮೊತ್ತಕ್ಕಿಂತಲೂ ದೊಡ್ಡದಿರಬೇಕು. ಈ ಎರಡೂ ಎಲ್ಲ ಕಡೆ ಉಳಿದರೆ ಮೇಲಿಂದ ಕೆಳಕ್ಕೆ ಉದ್ದಗಳು ಫಿಬೊನಾಚಿ ಸಂಖ್ಯೆಗಳಿಗಿಂತ (ಪ್ರತಿಯೊಂದೂ ಹಿಂದಿನ ಎರಡರ ಮೊತ್ತ) ಕಡಿಮೆ ವೇಗದಲ್ಲಿ ಬೆಳೆಯಲಾರವು, ಅಂದರೆ ಸುಮಾರು 1.618 ಪಟ್ಟಿನ ಲೆಕ್ಕ. ಹಾಗಾಗಿ ಅರೇ, ಅಂದರೆ ಜೋಡಿಸಬೇಕಾದ ಅಂಶಗಳ ಸಾಲು, ಎಷ್ಟೇ ದೊಡ್ಡದಾದರೂ ಸ್ಟ್ಯಾಕ್‌ನಲ್ಲಿ ಕೆಲವೇ ಹತ್ತು ಮನೆ (ಒಂದು ರನ್‌ಗೆ ಒಂದು ಜಾಗ) ಇದ್ದರೆ ಸಾಕು.

ಪೈಥಾನ್‌ನಲ್ಲಿ ಆಗ ಆ ಸ್ಟ್ಯಾಕ್‌ಗೆ ಯಾವಾಗಲೂ 85 ಮನೆ ಇರುತ್ತಿತ್ತು. 2ರ 64ನೇ ಘಾತದಷ್ಟು ಅಂಶಗಳಿಗೂ ಸಾಲುತ್ತದೆ ಅನ್ನುವುದು ಲೆಕ್ಕ. ಜಾವಾಗೆ ಇದನ್ನು ತಂದವರು ಜೋಶುವಾ ಬ್ಲಾಕ್. ಅಲ್ಲಿ ನೂರು ಅಂಶದಂಥ ಚಿಕ್ಕ ಅರೇಗೂ 85 ಮನೆ ಕೊಡುವುದು ದುಬಾರಿ ಅಂತ ಅಳೆದು ಕಂಡುಕೊಂಡರು, ಅದನ್ನು ಕೋಡಿನ ಕಾಮೆಂಟಿನಲ್ಲೇ ಬರೆದಿಟ್ಟಿದ್ದಾರೆ. ಆದ್ದರಿಂದ ಅರೇಯ ಉದ್ದ ನೋಡಿ ಸ್ಟ್ಯಾಕ್ ಅಳತೆ ಕೊಟ್ಟರು: 120ಕ್ಕಿಂತ ಕಡಿಮೆ ಇದ್ದರೆ 5, 1,542ಕ್ಕಿಂತ ಕಡಿಮೆ ಇದ್ದರೆ 10, 1,19,151ಕ್ಕಿಂತ ಕಡಿಮೆ ಇದ್ದರೆ 19, ಅದಕ್ಕೂ ದೊಡ್ಡದಾದರೆ 40. ಒಮ್ಮೆ ಕೊಟ್ಟ ಮೇಲೆ ಈ ಸ್ಟ್ಯಾಕ್ ಬೆಳೆಯುವುದಿಲ್ಲ. ಎರಡು ನಿಯಮಗಳೂ ನಿಜವಾಗಿ ಉಳಿದಿದ್ದರೆ ಈ ಅಂಕಿಗಳು ಸರಿಯೇ ಇದ್ದವು.

ನಿಯಮ ಉಳಿಯಲಿಲ್ಲ. ಹೇಗೆ ಅಂತ ಒಂದು ಉದಾಹರಣೆ ಹಿಡಿದು ನೋಡೋಣ, ಕಾಗದ ಪೆನ್ನು ಇದ್ದರೆ ಸಾಕು.

435 ಅಂಶಗಳ ಅರೇ ಇದೆ ಅಂದುಕೊಳ್ಳಿ. ಜಾವಾದಲ್ಲಿ ಈ ಉದ್ದಕ್ಕೆ ಕನಿಷ್ಠ ರನ್ 28. ಸಿಗುವ ರನ್‌ಗಳು ಕ್ರಮವಾಗಿ 180, 130, 40, 35, 50. ಮೊದಲ ನಾಲ್ಕನ್ನು ಪೇರಿಸಿದಾಗ ಯಾವ ತಕರಾರೂ ಇಲ್ಲ: 130 ಮತ್ತು 40 ಕೂಡಿದರೆ 170, 180 ಅದಕ್ಕಿಂತ ದೊಡ್ಡದು. 40 ಮತ್ತು 35 ಕೂಡಿದರೆ 75, 130 ಅದಕ್ಕಿಂತ ದೊಡ್ಡದು. 40 ತನ್ನ ಮೇಲಿನ 35ಕ್ಕಿಂತ ದೊಡ್ಡದು. ಈಗ 50 ಬಂದು ಮೇಲೆ ಕೂರುತ್ತದೆ. 35 ಮತ್ತು 50 ಸೇರಿದರೆ 85, ಅದರ ಮುಂದೆ 40 ಚಿಕ್ಕದಾಯಿತು, ನಿಯಮ ಮುರಿಯಿತು. ಕೋಡ್ ಇದನ್ನು ಗಮನಿಸುತ್ತದೆ, 40 ಮತ್ತು 50ರಲ್ಲಿ 40 ಚಿಕ್ಕದಾದ್ದರಿಂದ ಅದನ್ನು 35ರ ಜೊತೆ ಕೂಡಿಸಿ 75 ಮಾಡುತ್ತದೆ. ಸ್ಟ್ಯಾಕ್ ಈಗ 180, 130, 75, 50.

ಕೋಡ್ ಮತ್ತೆ ಮೇಲಿನ ಮೂರನ್ನು ನೋಡುತ್ತದೆ. 75 ಮತ್ತು 50 ಅಂದರೆ 125, 130 ಅದಕ್ಕಿಂತ ದೊಡ್ಡದು. 75 ಕೂಡ 50ಕ್ಕಿಂತ ದೊಡ್ಡದು. ಎಲ್ಲ ಸರಿ ಅಂತ ನಿಲ್ಲಿಸಿಬಿಡುತ್ತದೆ. ಆದರೆ ಒಂದು ಮೆಟ್ಟಿಲು ಕೆಳಗೆ ನೋಡಿ: 130 ಮತ್ತು 75 ಕೂಡಿದರೆ 205, ಅಲ್ಲಿ ಕೂತಿರುವುದು 180. ನಿಯಮ ಮುರಿದಿದೆ, ಯಾರೂ ನೋಡಲಿಲ್ಲ.

ಬಗ್ ಅಂದರೆ ಇಷ್ಟೇ. ಈ 435ರ ಅರೇ ಏನೂ ಕ್ರ್ಯಾಶ್ ಆಗುವುದಿಲ್ಲ, ಉತ್ತರವೂ ಸರಿಯಾಗೇ ಬರುತ್ತದೆ. ತೊಂದರೆ ಇರುವುದು ಇದು ಒಂದರ ಮೇಲೊಂದು ಸೇರಿಕೊಳ್ಳುವುದರಲ್ಲಿ. ದೊಡ್ಡ ಅರೇಯಲ್ಲಿ ಇಂಥ ಸಂದರ್ಭಗಳನ್ನು ಬೇಕಂತಲೇ ಜೋಡಿಸುತ್ತಾ ಹೋದರೆ ಉದ್ದಗಳು ಫಿಬೊನಾಚಿ ಲೆಕ್ಕದಷ್ಟು ಬೇಗ ಬೆಳೆಯುವುದಿಲ್ಲ, ಸ್ಟ್ಯಾಕ್‌ನಲ್ಲಿ ರನ್‌ಗಳ ಸಂಖ್ಯೆ ಅಂದಾಜಿಗಿಂತ ಜಾಸ್ತಿಯಾಗುತ್ತದೆ, ಕೊನೆಗೆ ಇಲ್ಲದ ಮನೆಗೆ ಬರೆಯಲು ಹೋಗಿ ಅರೇಯ ಗಡಿ ದಾಟಿದೆ ಅನ್ನುವ ಎಕ್ಸೆಪ್ಷನ್, ಅಂದರೆ ದೋಷದ ಸಂದೇಶ, ಬೀಳುತ್ತದೆ.

ಟೆಸ್ಟ್‌ಗಳಲ್ಲಿ ಇದು ಯಾಕೆ ಸಿಗಲಿಲ್ಲ ಅಂತ ಕೇಳಬಹುದು. ಯದ್ವಾತದ್ವಾ ಕಲಸಿದ ಡೇಟಾ ಕೊಟ್ಟರೆ ಸಹಜ ರನ್‌ಗಳು ಎರಡು ಮೂರು ಅಂಶದವು, ಎಲ್ಲವನ್ನೂ ಹಿಗ್ಗಿಸಿ ಕನಿಷ್ಠ ಉದ್ದಕ್ಕೆ ತರುವುದರಿಂದ ಎಲ್ಲ ರನ್‌ಗಳೂ ಒಂದೇ ಅಳತೆಯವಾಗುತ್ತವೆ. ಪೂರ್ತಿ ಜೋಡಿಸಿದ ಡೇಟಾ ಕೊಟ್ಟರೆ ಒಂದೇ ರನ್. ಎರಡರಲ್ಲೂ ಈ ಬಗ್ ತಲೆ ಎತ್ತುವುದಿಲ್ಲ. ಅದಕ್ಕೆ ಬೇಕಾದದ್ದು ನಿರ್ದಿಷ್ಟ ಉದ್ದದ ರನ್‌ಗಳ ನಿರ್ದಿಷ್ಟ ಸಾಲು.

2013ರಲ್ಲಿ ಜಾವಾದ ಓಪನ್ ಸೋರ್ಸ್ ರೂಪವಾದ ಓಪನ್‌ಜೆಡಿಕೆಯಲ್ಲಿ ಈ ಎಕ್ಸೆಪ್ಷನ್ ಮೊದಲು ವರದಿಯಾಯಿತು, ಬಗ್ ಸಂಖ್ಯೆ 8011944. ಸರಿ ಮಾಡಿದ್ದು ಹೇಗೆ? 19 ಇದ್ದ ಅಂಕಿಯನ್ನು 24 ಮಾಡಿದರು. ಆ ಅಳತೆಯ ಅರೇಗಳಿಗೆ ಅಷ್ಟು ಸಾಕಾಯಿತು, ನಿಜ. 65,536 ಅಂಶದ ಅರೇಯಲ್ಲಿ ಅತಿ ಕೆಟ್ಟ ಸಂದರ್ಭಕ್ಕೆ 21 ಮನೆ ಬೇಕು, ಇದ್ದದ್ದು 19. ಆದರೆ ನಿಯಮಗಳು ಉಳಿದಿದ್ದರೆ 19 ಸಾಕಾಗಬೇಕಿತ್ತಲ್ಲ, ಯಾಕೆ ಸಾಕಾಗಲಿಲ್ಲ? ಈ ಪ್ರಶ್ನೆಗೆ ಆ ತೇಪೆಯಲ್ಲಿ ಉತ್ತರ ಇಲ್ಲ. ಪಕ್ಕದಲ್ಲೇ ಇದ್ದ 40 ಕೂಡ ಅದೇ ಲೆಕ್ಕದಿಂದ ಬಂದ ಅಂಕಿ, ಅದನ್ನು ಮುಟ್ಟಲಿಲ್ಲ.

ಇಲ್ಲಿ ಯಾರನ್ನೂ ದೂರಬೇಕಾಗಿಲ್ಲ. ಗಡಿ ದಾಟಿದೆ ಅಂತ ಎಕ್ಸೆಪ್ಷನ್ ಹೇಳಿದರೆ ಅರೇ ಚಿಕ್ಕದಾಯಿತು ಅಂತಲೇ ಯಾರಿಗಾದರೂ ಮೊದಲು ಅನಿಸುವುದು. ಸಂದೇಶ ತೋರಿಸುವುದು ಬಿದ್ದ ಜಾಗವನ್ನು, ಎಡವಿದ ಜಾಗ ಬೇರೆ ಫಂಕ್ಷನ್ನಿನಲ್ಲಿ, ಎಷ್ಟೋ ಸಾವಿರ ಮರ್ಜ್‌ಗಳ (ರನ್ ಕೂಡಿಸುವಿಕೆಗಳ) ಹಿಂದೆ ಇರುತ್ತದೆ. ಇದಕ್ಕೇ ನಾನು ಹೇಳುವುದು, ಯಾವುದಾದರೂ ಫಿಕ್ಸ್ ಬರೀ ಒಂದು ಸ್ಥಿರಾಂಕವನ್ನು ಹೆಚ್ಚಿಸುತ್ತಿದ್ದರೆ ಆ ಹೊಸ ಅಂಕಿ ಎಲ್ಲಿಂದ ಬಂತು ಅಂತ ಕೇಳದೆ ಅದನ್ನು ಒಳಗೆ ಬಿಡಬಾರದು.

ಎರಡು ವರ್ಷದ ನಂತರ ಬಂದ ವರದಿ ಬೇರೆಯೇ ಜಾತಿಯದು. ಸ್ಟೈನ್ ಡಿ ಗೌ ಮತ್ತು ಅವರ ಜೊತೆಗಾರರು ಜಾವಾ ಪ್ರೋಗ್ರಾಂಗಳು ಸರಿಯಿವೆ ಅಂತ ಗಣಿತದ ಹಾಗೆ ಸಾಧಿಸುವ ಕೀ ಅನ್ನುವ ಉಪಕರಣ ಬಳಸುತ್ತಿದ್ದರು. ಕೌಂಟಿಂಗ್ ಸಾರ್ಟ್, ರೇಡಿಕ್ಸ್ ಸಾರ್ಟ್ ಎರಡನ್ನೂ ಸಾಧಿಸಿ ಮುಗಿಸಿ, ಮುಂದಿನ ಸವಾಲಾಗಿ ಟಿಮ್‌ಸಾರ್ಟ್ ಕೈಗೆತ್ತಿಕೊಂಡರು. ಅವರು ಬಗ್ ಹುಡುಕಲು ಹೊರಟವರಲ್ಲ, ಬಗ್ ಇಲ್ಲ ಅಂತ ತೋರಿಸಲು ಹೊರಟವರು. ಇಂಥ ಉಪಕರಣಕ್ಕೆ ನಿಯಮವನ್ನು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ, ಸ್ಟ್ಯಾಕ್‌ನ ಪ್ರತಿಯೊಂದು ಜಾಗಕ್ಕೂ ಇದು ನಿಜ ಅಂತ ಬರೆದು ಕೊಡಬೇಕು, ಆಮೇಲೆ ಫಂಕ್ಷನ್ ಮುಗಿದಾಗಲೂ ಅದು ನಿಜವಾಗೇ ಉಳಿದಿದೆ ಅಂತ ಒಂದೊಂದೇ ಹೆಜ್ಜೆಯಲ್ಲಿ ತೋರಿಸಬೇಕು. ರನ್‌ಗಳನ್ನು ಕೂಡಿಸುವ ಫಂಕ್ಷನ್ನಿನ ಹತ್ತಿರ ಬಂದಾಗ ಈ ಗಣಿತದ ಸಾಧನೆ (ಪ್ರೂಫ್) ಮುಂದೆ ಹೋಗಲಿಲ್ಲ, ಯಾಕಂದ್ರೆ ಕೋಡ್ ನೋಡುವುದು ಮೇಲಿನ ಮೂರನ್ನು ಮಾತ್ರ, ನಿಯಮ ಹೇಳುವುದು ಎಲ್ಲದರ ಬಗ್ಗೆ.

ಅಲ್ಲಿಂದ ಅವರು ಹಿಂದಕ್ಕೆ ನಡೆದರು. ನಿಯಮ ಮುರಿಯುವ ಚಿಕ್ಕ ಉದಾಹರಣೆ ಮಾಡಿದರು. ಅದನ್ನೇ ಹಿಗ್ಗಿಸಿ, ಜಾವಾವನ್ನು ನಿಜವಾಗಿ ಕ್ರ್ಯಾಶ್ ಮಾಡುವ ಅರೇ ಹುಟ್ಟಿಸುವ ಪ್ರೋಗ್ರಾಂ ಬರೆದರು. ಇಂಥ ಅರೇ ಮಾಡುವುದಕ್ಕೆ ಸೊನ್ನೆ ಮತ್ತು ಒಂದು, ಎರಡೇ ಬೆಲೆ ಸಾಕು ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ: ಅರೇ ತುಂಬ ಸೊನ್ನೆ ಇಡಿ, ಪ್ರತಿ ರನ್ ಮುಗಿಯಬೇಕಾದ ಜಾಗದಲ್ಲಿ ಒಂದೇ ಒಂದು 1 ಇಡಿ. ಸೊನ್ನೆ, ಸೊನ್ನೆ, ಸೊನ್ನೆ, ಒಂದು, ಅಲ್ಲಿಗೆ ಏರಿಕೆ ಮುಗಿಯಿತು, ಮುಂದಿನ ಸೊನ್ನೆಯಿಂದ ಹೊಸ ರನ್ ಶುರು. ಹೀಗೆ ಬೇಕಾದ ಉದ್ದದ ರನ್‌ಗಳನ್ನು ಬೇಕಾದ ಕ್ರಮದಲ್ಲಿ ಇಟ್ಟುಬಿಡಬಹುದು.

ಆ ಪ್ರೋಗ್ರಾಂ ತೋರಿಸಿದ್ದು ಇದು. 6,71,08,864 ಅಂಶಗಳ ಅರೇ, ಅಂದರೆ 2ರ 26ನೇ ಘಾತ. ಅತಿ ಕೆಟ್ಟ ಸಂದರ್ಭಕ್ಕೆ ಬೇಕಾದದ್ದು 41 ಮನೆ. ಜಾವಾ ಕೊಟ್ಟದ್ದು 40. ಒಂದೇ ಒಂದು ಮನೆ ಕಡಿಮೆ, ಕ್ರ್ಯಾಶ್. ಒಂದು ರೆಫರೆನ್ಸ್‌ಗೆ (ಅಂಶದ ವಿಳಾಸಕ್ಕೆ) 4 ಬೈಟ್ ಅಂದರೂ ಅರೇ ಒಂದಕ್ಕೇ ಸುಮಾರು 27 ಕೋಟಿ ಬೈಟ್ ಮೆಮೊರಿ ಬೇಕು, ದಿನನಿತ್ಯದ ಟೆಸ್ಟ್‌ನಲ್ಲಿ ಇಂಥದ್ದನ್ನು ಯಾರೂ ಓಡಿಸುವುದಿಲ್ಲ.

2015ರ ಫೆಬ್ರವರಿಯಲ್ಲಿ ಇದು ಹೊರಬಿತ್ತು. ಬಗ್ ವರದಿ ಬರೆಯುವವರು ಇದನ್ನು ಒಂದು ಸಲ ಬಿಡಿಸಿ ನೋಡಬೇಕು ಅಂತ ನನ್ನ ಆಸೆ. ಓಡಿಸಿ ನೋಡಬಹುದಾದ ಪ್ರೋಗ್ರಾಂ ಇತ್ತು. ಆ ಪ್ರೋಗ್ರಾಂ ಓಡಿಸದೆಯೇ, ಬರೀ ಐದು ಸಂಖ್ಯೆ ಇಟ್ಟುಕೊಂಡು ಕಾರಣವನ್ನು ಕಣ್ಣಿಗೆ ಕಾಣಿಸುವ ವಿವರಣೆಯೂ ಇತ್ತು. ಯಾವ ಸಾಲು ತಪ್ಪು ಅಂತ ಹೇಳಿದ್ದರು. ಪರಿಹಾರ ಎರಡು ಇವೆ ಅಂತಲೂ ಹೇಳಿದ್ದರು. ಒಂದು, ಕೋಡ್ ಮೇಲಿನ ಮೂರರ ಬದಲು ನಾಲ್ಕು ರನ್‌ಗಳನ್ನು ನೋಡಲಿ. ಇನ್ನೊಂದು, ಕೋಡ್ ಹೀಗೇ ಇರಲಿ, ಮುರಿದ ನಿಯಮದ ಲೆಕ್ಕದಲ್ಲಿ ಅತಿ ಕೆಟ್ಟ ಸಂದರ್ಭಕ್ಕೆ ಎಷ್ಟು ಮನೆ ಬೇಕೋ ಅಷ್ಟು ಕೊಡಿ. ಅವರ ಒಲವು ಮೊದಲನೆಯದರ ಕಡೆ, ಯಾಕಂದ್ರೆ ಹಾಗೆ ತಿದ್ದಿದ ಕೋಡ್ ಸರಿಯಿದೆ ಅಂತ ಕೀ ಉಪಕರಣದಲ್ಲೇ ಸಾಧಿಸಿದ್ದರು.

ಪೈಥಾನ್ ಕಡೆಯವರು ಮೊದಲನೆಯದನ್ನು ತೆಗೆದುಕೊಂಡರು. ಅಲ್ಲಿ ತುರ್ತು ಅನ್ನುವಂಥದ್ದು ಏನೂ ಇರಲಿಲ್ಲ ಅನ್ನುವುದನ್ನು ಗಮನಿಸಿ. 85 ಮನೆ ತುಂಬಿ ಹೊರಗೆ ಚೆಲ್ಲಬೇಕಾದರೆ 2ರ 49ನೇ ಘಾತಕ್ಕಿಂತ ಜಾಸ್ತಿ ಅಂಶ ಬೇಕು. ಒಂದು ಪಾಯಿಂಟರ್‌ಗೆ 8 ಬೈಟ್ ಹಿಡಿದರೂ ಲಿಸ್ಟ್ ಒಂದಕ್ಕೇ 4 ಪೆಟಾಬೈಟ್ ಮೆಮೊರಿ ಆಯಿತು. ಯಾರಿಗೂ ಕ್ರ್ಯಾಶ್ ಆಗುವ ಸಾಧ್ಯತೆಯೇ ಇಲ್ಲ. ಆದರೂ ಷರತ್ತನ್ನು ತಿದ್ದಿದರು, ಯಾಕಂದ್ರೆ ಕೋಡ್ ತಾನು ಕಾಪಾಡುತ್ತೇನೆ ಅಂತ ಹೇಳಿಕೊಂಡ ನಿಯಮವನ್ನು ಕಾಪಾಡುತ್ತಿರಲಿಲ್ಲ. ನನಗೆ ಇದು ಬಹಳ ದೊಡ್ಡ ಗುಣವಾಗಿ ಕಾಣುತ್ತದೆ.

ಜಾವಾದಲ್ಲಿ ಕ್ರ್ಯಾಶ್ ನಿಜವಾಗಿಯೂ ಆಗುತ್ತಿತ್ತು. ಅಲ್ಲಿ ಎರಡನೇ ದಾರಿ ಹಿಡಿದರು. ಬಗ್ ಸಂಖ್ಯೆ 8072909, ಬದಲಾವಣೆ 40 ಇದ್ದದ್ದು 49. ಈ ಸಲದ ಅಂಕಿಗೆ ಹಿಂದೆ ಲೆಕ್ಕ ಇತ್ತು, ಸಂಶೋಧಕರೇ ಕೊಟ್ಟ ಲೆಕ್ಕ, ಅಂದಾಜಿನಲ್ಲಿ ಏರಿಸಿದ್ದಲ್ಲ. ಒಂದು ಅಂಕಿ ಬದಲಾಯಿಸುವುದು ಸಣ್ಣ ಬದಲಾವಣೆ, ಕೋಟ್ಯಂತರ ಕಡೆ ಓಡುವ ಕೋಡಿನಲ್ಲಿ ತರ್ಕ ಮುಟ್ಟದಿರುವುದು ಜಾಣತನ ಅಂತ ವಾದಿಸಬಹುದು. ಆ ವಾದಕ್ಕೆ ತೂಕ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹೀಗೆ ಮಾಡಿದಾಗ ಕೋಡ್ ಸರಿಯಿದೆ ಅನ್ನುವುದು ಪೂರ್ತಿಯಾಗಿ ಒಂದು ಲೆಕ್ಕದ ಮೇಲೆ ನಿಂತುಬಿಟ್ಟಿತು, ಅದೂ ಮುರಿದ ಕೋಡ್ ಎಷ್ಟು ಕೆಟ್ಟದಾಗಿ ಮುರಿಯಬಹುದು ಅನ್ನುವ ಲೆಕ್ಕ. ಒಂದು ನಿಯಮ ಯಾವಾಗಲೂ ನಿಜ ಅಂತ ಸಾಧಿಸುವುದಕ್ಕಿಂತ ಅದು ಎಷ್ಟರ ಮಟ್ಟಿಗೆ ಸುಳ್ಳಾಗಬಹುದು ಅಂತ ಅಳೆಯುವುದು ಎಷ್ಟೋ ಕಷ್ಟ.

ಮೂರು ವರ್ಷ ಕಳೆಯಿತು. 2018ರಲ್ಲಿ ಫ್ರಾನ್ಸ್‌ನ ನಾಲ್ವರು ಸಂಶೋಧಕರು ಟಿಮ್‌ಸಾರ್ಟ್ ಅತಿ ಕೆಟ್ಟ ಸಂದರ್ಭದಲ್ಲಿ ಎಷ್ಟು ಸಮಯ ತೆಗೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು. ಇವರೂ ಬಗ್ ಹುಡುಕಲು ಹೋದವರಲ್ಲ. ಹಳೆಯ ಲೆಕ್ಕದಲ್ಲಿ ಒಂದು ಮಾತು ಅವರ ಕಣ್ಣಿಗೆ ಬಿತ್ತು: ನಿಯಮ ಸ್ಟ್ಯಾಕ್‌ನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಮುರಿಯಬಹುದು, ಆದರೆ ಅಕ್ಕಪಕ್ಕದ ಎರಡು ಜಾಗದಲ್ಲಿ ಒಟ್ಟಿಗೆ ಮುರಿಯಲಾರದು. 49 ಅನ್ನುವ ಅಂಕಿ ನಿಂತದ್ದು ಈ ಮಾತಿನ ಮೇಲೆ. ಈ ಮಾತು ಸುಳ್ಳು ಅಂತ ಅವರು ಉದಾಹರಣೆ ಕೊಟ್ಟು ತೋರಿಸಿದರು, ಅಕ್ಕಪಕ್ಕದಲ್ಲೂ ಮುರಿಯುತ್ತದೆ, ಹಾಗಾಗಿ 49 ಕೂಡ ಸಾಲುವುದಿಲ್ಲ. ಕೀ ಉಪಕರಣ ಸಾಧಿಸಿದ್ದು ತಿದ್ದಿದ ಕೋಡನ್ನು, ಆ ಸಾಧನೆಗೆ ಇದರಿಂದ ಏನೂ ಕುಂದಿಲ್ಲ. ಪೈಥಾನ್ ತೆಗೆದುಕೊಂಡದ್ದು ಅದನ್ನೇ ಆದ್ದರಿಂದ ಅಲ್ಲಿ ಯಾರೂ ಏನೂ ಮಾಡಬೇಕಾಗಿ ಬರಲಿಲ್ಲ.

ಓಪನ್‌ಜೆಡಿಕೆಯಲ್ಲಿ ಮತ್ತೊಂದು ಬಗ್ ತೆರೆಯಿತು, ಸಂಖ್ಯೆ 8203864. ಈ ಸಲ ಅಂಕಿಯನ್ನು ಮುಟ್ಟಲಿಲ್ಲ, ಷರತ್ತನ್ನು ತಿದ್ದಿದರು. ಜಾವಾ 11ರಲ್ಲಿ ಅದು ಬಂತು. ಬದಲಾವಣೆ ಎಷ್ಟು ಅಂತ ನೋಡಿದರೆ ಆಶ್ಚರ್ಯವಾಗುತ್ತದೆ: ಒಂದು ಇಫ್‌ನೊಳಗೆ ಒಂದು ‘ಅಥವಾ’ ಸೇರಿತು, ಅಷ್ಟೇ. ಮೇಲಿಂದ ನಾಲ್ಕನೇ ರನ್, ತನ್ನ ಮೇಲಿನ ಎರಡರ ಮೊತ್ತಕ್ಕಿಂತ ದೊಡ್ಡದಿಲ್ಲದಿದ್ದರೂ ಕೂಡಿಸುವುದನ್ನು ನಿಲ್ಲಿಸಬೇಡ.

ನಮ್ಮ ಉದಾಹರಣೆಗೇ ಇದನ್ನು ಹಚ್ಚಿ ನೋಡಿ. 180, 130, 75, 50ರ ಹತ್ತಿರ ಹಳೆಯ ಕೋಡ್ ನಿಂತಿತ್ತು. ಹೊಸ ಕೋಡ್ 180 ಮತ್ತು 205 ಹೋಲಿಸಿ ನಿಲ್ಲುವುದಿಲ್ಲ ಅನ್ನುತ್ತದೆ. 75 ಮತ್ತು 50 ಕೂಡಿ 125 ಆಗುತ್ತದೆ. ಈಗ 180, 130, 125. 130 ಮತ್ತು 125 ಸೇರಿದರೆ 255, ಅದಕ್ಕಿಂತ 180 ಚಿಕ್ಕದು, ಆದ್ದರಿಂದ ಅವೆರಡೂ ಕೂಡುತ್ತವೆ. 180, 255 ಉಳಿಯುತ್ತದೆ, ಕೆಳಗಿನದು ಚಿಕ್ಕದು, ಅದೂ ಕೂಡಿ 435. ಮುರಿದ ನಿಯಮ ಎಲ್ಲೂ ಉಳಿಯಲಿಲ್ಲ.

ಒಳ್ಳೆಯ ಬಗ್ ವರದಿಯ ಉಪಯೋಗ ವರದಿಯಾದ ಭಾಷೆಗಷ್ಟೇ ಸಿಗುವುದಿಲ್ಲ ಅನ್ನುವುದಕ್ಕೂ ಇಲ್ಲಿ ಸಾಕ್ಷಿ ಇದೆ. ರಸ್ಟ್ ಭಾಷೆಯ ಸ್ಟೇಬಲ್ ಸಾರ್ಟ್ (ಸಮಾನ ಅಂಶಗಳ ಮೂಲ ಕ್ರಮ ಕೆಡಿಸದ ಸಾರ್ಟ್) ಬಹಳ ಕಾಲ ಟಿಮ್‌ಸಾರ್ಟ್ ಜಾಡಿನಲ್ಲೇ ಇತ್ತು. ಅದರ ಕೋಡಿನಲ್ಲಿ ರನ್‌ಗಳನ್ನು ಕೂಡಿಸುವ ಜಾಗದ ಹತ್ತಿರ ಈ ಹಳೆಯ ಬಗ್ ಬಗ್ಗೆ ಕಾಮೆಂಟ್ ಬರೆದಿಟ್ಟಿದ್ದರು: ಮೇಲಿನ ಮೂರನ್ನು ನೋಡಿದರೆ ಸಾಲದು, ನಾಲ್ಕನ್ನೂ ನೋಡಲೇಬೇಕು ಅನ್ನುವ ಅರ್ಥದ್ದು. ಯಾರಾದರೂ ಮುಂದೆ ಈ ನಾಲ್ಕನೇ ಪರೀಕ್ಷೆ ಯಾಕೆ, ತೆಗೆದರೆ ಸ್ವಲ್ಪ ವೇಗವಾಗುತ್ತದಲ್ಲ ಅಂತ ಅಂದುಕೊಂಡರೆ ಕೈ ತಡೆಯುವ ಕಾಮೆಂಟ್ ಅದು. 2015ರ ವರದಿಯಲ್ಲಿ ‘6.7 ಕೋಟಿ ಅಂಶ ಕೊಟ್ಟರೆ ಕ್ರ್ಯಾಶ್’ ಅಂತಷ್ಟೇ ಇದ್ದಿದ್ದರೆ ರಸ್ಟ್‌ನವರಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನಾನು ವರದಿ ಬರೆಯುವವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಕ್ರ್ಯಾಶ್ ಆಯಿತು, ಇದು ಸ್ಟ್ಯಾಕ್ ಟ್ರೇಸ್, ಇದು ಆವೃತ್ತಿ ಅಂತ ಬರೆಯುವುದು ಬೇಕೇ ಬೇಕು, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಈ ಕೋಡ್ ಯಾವ ಮಾತನ್ನು ಉಳಿಸಿಕೊಳ್ಳಬೇಕಿತ್ತು, ಎಲ್ಲಿ ಉಳಿಸಿಕೊಳ್ಳಲಿಲ್ಲ ಅಂತ ಒಂದು ಸಾಲು ಬರೆಯಲು ಪ್ರಯತ್ನಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ, ಅದೂ ಉಪಯೋಗದ ಮಾಹಿತಿಯೇ. ಆಗ ಸರಿ ಮಾಡುವವರಿಗೆ ತಾವು ಮುಟ್ಟುತ್ತಿರುವುದು ಲಕ್ಷಣವನ್ನೋ ಬೇರನ್ನೋ ಅಂತ ಅಳೆದುಕೊಳ್ಳಲು ಒಂದು ಗೆರೆ ಸಿಗುತ್ತದೆ. ಇನ್‌ಪುಟ್ ಚಿಕ್ಕದು ಮಾಡುವುದೂ ಇದೇ ಕಾರಣಕ್ಕೆ. 6.7 ಕೋಟಿ ಸೊನ್ನೆ ಒಂದುಗಳನ್ನು ನೋಡಿ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಐದು ಸಂಖ್ಯೆ ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ. ಕ್ರ್ಯಾಶ್ ಆಗುವ ಚಿಕ್ಕ ಇನ್‌ಪುಟ್ ಮತ್ತು ನಿಯಮ ಮುರಿಯುವ ಚಿಕ್ಕ ಇನ್‌ಪುಟ್ ಎರಡೂ ಬೇರೆ ಬೇರೆ ಅನ್ನುವುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದನ್ನು ನಾನು ನೋಡಿಲ್ಲ.

ಪೈಥಾನ್‌ನಲ್ಲಿ ಈಗ ಆ ಎರಡು ನಿಯಮಗಳೇ ಇಲ್ಲ. 2022ರಲ್ಲಿ ಬಂದ 3.11ರಲ್ಲಿ ಯಾವಾಗ ಕೂಡಿಸಬೇಕು ಅನ್ನುವ ತೀರ್ಮಾನವನ್ನು ಪವರ್‌ಸಾರ್ಟ್ ಅನ್ನುವ ಹೊಸ ವಿಧಾನಕ್ಕೆ ಬದಲಾಯಿಸಿದರು. ಪಕ್ಕಪಕ್ಕದ ಪ್ರತಿ ಎರಡು ರನ್‌ಗಳ ನಡುವಿನ ಗಡಿಗೆ ಒಂದು ಪವರ್ ಲೆಕ್ಕ ಹಾಕುತ್ತಾರೆ, ಸ್ಟ್ಯಾಕ್‌ನಲ್ಲಿ ಆ ಪವರ್‌ಗಳು ಕೆಳಗಿಂದ ಮೇಲಕ್ಕೆ ಏರುತ್ತಲೇ ಇರಬೇಕು, ಹಾಗಾಗಿ ಉದ್ದವನ್ನು ಬರೆಯಲು ಎಷ್ಟು ಬಿಟ್ ಬೇಕೋ ಅದಕ್ಕಿಂತ ಜಾಸ್ತಿ ಮನೆ ಯಾವತ್ತೂ ಬೇಡ. 64 ಬಿಟ್ ಯಂತ್ರದಲ್ಲಿ ಹಳೆಯ 85ರ ಜಾಗದಲ್ಲಿ ಈಗ 64 ಇದೆ. ಆ 64 ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಒಂದೇ ಸಾಲಿನಲ್ಲಿ ಉತ್ತರ ಹೇಳಬಹುದು.